ತಾಯಿಮೊಳ

ನಮ್ಮ ಮನೆಯಲ್ಲಿ ಹಗ್ಗವನ್ನು ಯಾರೂ ದಾಟುತ್ತಿರಲಿಲ್ಲ. ಪಡಸಾಲೆಯ ಉದ್ದಕ್ಕೂ ಬಿದ್ದುಕೊಂಡಿದ್ದರೂ ಸುತ್ತಿ ಹೋಗಬೇಕು, ಇಲ್ಲವೇ ಬಗ್ಗಿ ಸರಿಸಿ ಹೋಗಬೇಕು. ತಿಳಿಯದ ನೆಂಟರು ದಾಟಿಬಿಟ್ಟರೆ ಅಜ್ಜಿ ಅವರನ್ನು ಬಂದ ಹಾಗೆಯೇ ಹಿಂದಕ್ಕೆ ದಾಟಿಸಿ, ಆಮೇಲೆ ಕಾಲಿಗೆ ನೀರು ಕೊಡುತ್ತಿದ್ದಳು. ಬಾಬುರಾಯನಕೊಪ್ಪಲಿನಲ್ಲಿ ಬಸ್ಸಿಳಿದು ಗದ್ದೆಬದುವಿನ ಮೇಲೆ ಅಷ್ಟು ದೂರ ನಡೆದರೆ ಹೊಳೆದಂಡೆಯಲ್ಲಿ ನಮ್ಮ ಕೇರಿ. ಕೇರಿಯ ಕೊನೆಗೆ ನಮ್ಮ ಹೆಂಚಿನ ಮನೆ. ಬೇರೆಯವರ ಮನೆಯ ಬಾಗಿಲ ಹಿಂದೆ ನೇಗಿಲು, ಗುದ್ದಲಿ ಇದ್ದರೆ ನಮ್ಮ ಮನೆಯ ಬಾಗಿಲ ಹಿಂದೆ ಹುಟ್ಟುಗಳಿದ್ದವು. ಮಾಡಿನ ಅಡ್ಡೆಯಿಂದ ಇಳಿಬಿದ್ದ ಕತ್ತಾಳೆ ಹಗ್ಗದ ಸುರುಳಿಗಳಿಗೆ ನೆನೆದ ದನದ ವಾಸನೆ. ನನ್ನ ಲಂಗಕ್ಕೂ ಅದೇ ವಾಸನೆ ಇತ್ತೆಂದು ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ, ಅವರ ಪೈಕಿ ಮೂವರು ದಿನಾ ನಮ್ಮ ದೋಣಿಯಲ್ಲೇ ಹೊಳೆ ದಾಟಿ ಬರಬೇಕಾಗಿತ್ತು.

ಆ ದೋಣಿ ಅಜ್ಜಿಯ ಕಡೆಯದು. ಎರಡು ಹಸು, ನಾಲ್ಕು ಹಾಲಿನ ಕ್ಯಾನು, ಅವುಗಳ ನಡುವೆ ಸಂದಿ ಸಿಕ್ಕಷ್ಟು ಜನ, ಇಷ್ಟನ್ನು ಹೊತ್ತು ಆಚೆ ದಡದ ಕಬ್ಬಿನ ಗದ್ದೆಗೂ ಈಚೆ ದಡದ ಡೈರಿಗೂ ಓಡಾಡುತ್ತಿತ್ತು. ಅಜ್ಜಿಗೆ ಗಂಡುಮಕ್ಕಳಿರಲಿಲ್ಲ. ಇದ್ದ ಒಬ್ಬಳೇ ಮಗಳಿಗೆ, ಅಂದರೆ ನನ್ನ ಅವ್ವನಿಗೆ, ಈಜು ಬರುವ ಗಂಡನ್ನೇ ಹುಡುಕಿ ತಂದು ಮನೆಯಳಿಯ ಮಾಡಿಕೊಂಡಿದ್ದಳು. ಅಪ್ಪ ಜವರೇಗೌಡ ಒಳ್ಳೆಯ ಈಜುಗಾರ, ಇನ್ನೂ ಒಳ್ಳೆಯ ಮೌನಿ. ಮನೆಯಲ್ಲಿ ದನಿ ಏರಿತೆಂದರೆ ಲಾಟೀನಿನ ಗಾಜು ಒರೆಸಲು ಕೂರುವನು. ನಮ್ಮ ಮನೆಯ ಲಾಟೀನಿನಷ್ಟು ಪಳಪಳ ಹೊಳೆಯುವ ಲಾಟೀನು ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ.

ದೋಣಿಯನ್ನು ಎಳೆಯುವ ಹಗ್ಗ ಬೇರೆ, ಕಟ್ಟುವ ಹಗ್ಗ ಬೇರೆ. ಎಳೆಯುವ ಹಗ್ಗ ಕೆಲಸ ಮುಗಿದ ಮೇಲೆ ಮನೆಗೆ ಬಂದು ಅಡ್ಡೆಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಕಟ್ಟುವ ಹಗ್ಗಕ್ಕೆ ಆ ಸುಖವಿಲ್ಲ. ಒಂದು ತುದಿ ದೋಣಿಯ ಮೂತಿಯ ಕಬ್ಬಿಣದ ಬಳೆಗೆ, ಇನ್ನೊಂದು ತುದಿ ಚಿನಕುರಳಿಯಿಂದ ಗಾಡಿಯಲ್ಲಿ ಬಂದಿದ್ದ ಕಲ್ಲುಕಂಬಕ್ಕೆ. ಬಿಸಿಲೂ ಅಲ್ಲೇ, ನೀರೂ ಅಲ್ಲೇ. ಹಾಗಾಗಿ ಪ್ರತಿ ವರ್ಷ ಹೊಸನೀರು ಬರುವ ಮೊದಲು ಸಂತೆಬಾಚಹಳ್ಳಿ ಸಂತೆಯಿಂದ ಹೊಸ ಕತ್ತಾಳೆ ಹಗ್ಗ ತರುತ್ತಿದ್ದರು. ಆದರೆ ಅದನ್ನು ಇಡಿಯಾಗಿ ಕಟ್ಟುವಂತಿರಲಿಲ್ಲ. ಹೊಸ ಹಗ್ಗವನ್ನು ನಡುವೆ ತುಂಡು ಮಾಡಿ, ಹಳೆಯ ಹಗ್ಗದಿಂದ ಒಂದು ಮೊಳ ಕತ್ತರಿಸಿ, ಅದನ್ನು ಆ ನಡುವಿಗೆ ಹೆಣೆಯಬೇಕು. ಆ ತುಂಡಿಗೆ ನಮ್ಮ ಮನೆಯಲ್ಲಿ ತಾಯಿಮೊಳ ಎನ್ನುತ್ತಿದ್ದರು. ಯಾಕಜ್ಜಿ ಎಂದು ನಾನೊಮ್ಮೆ ಕೇಳಿದ್ದೆ.

"ಒಳೆಗೆ ಗುರುತು ಸಿಕ್ಬೇಕು ಕಣವ್ವ," ಎಂದಳು ಅಜ್ಜಿ. "ಇಲ್ದಿದ್ರೆ ಯಾರ್ದೋ ದೋಣಿ ಅನ್ಕಂಡು ಎಳ್ಕಂಡೋಯ್ತದೆ."

ಹೆಣಿಗೆ ಎಂದರೆ ಗಂಟು ಹಾಕುವುದಲ್ಲ. ಗಂಟು ಹಾಕಿದಲ್ಲಿ ಹಗ್ಗದ ಶಕ್ತಿ ಕುಂದುತ್ತದೆ. ಎರಡು ಹಗ್ಗಗಳ ತುದಿಯ ಮೂರು ಮೂರು ಪುರಿಗಳನ್ನು ಬಿಚ್ಚಿ, ಎದುರುಬದುರು ಕೂರಿಸಿ, ಇದರ ಪುರಿಯನ್ನು ಅದರ ಹೊಟ್ಟೆಯೊಳಕ್ಕೆ, ಅದರದನ್ನು ಇದರ ಹೊಟ್ಟೆಯೊಳಕ್ಕೆ, ಒಂದರ ಮೇಲೆ ಹಾಯಿಸಿ ಇನ್ನೊಂದರ ಕೆಳಗೆ ತೂರಿಸುತ್ತಾ ಹೋಗುವುದು. ಎಳೆದಷ್ಟೂ ಒಂದನ್ನೊಂದು ಕಚ್ಚಿಕೊಳ್ಳುತ್ತದೆ. ಪುರಿ ಬಿಡಿಸುವುದಕ್ಕೆ ನುಣ್ಣಗೆ ತೀಡಿದ ಎತ್ತಿನ ಕೊಂಬಿನ ತುದಿಯೊಂದಿತ್ತು. ಅವ್ವ ಕಾಲು ಚಾಚಿ ಕುಳಿತು, ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕೊಂಬನ್ನು ಬಾಯಲ್ಲಿ ಕಚ್ಚಿಕೊಂಡೇ ನನಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಅವಳ ಮಗ್ಗಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದೆವು.

ಅವ್ವ ಜ್ವರದಲ್ಲಿ ಹೋದಳು. ಹೊಳೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅವಳು ಕೊನೆಯ ಸಲ ಹೆಣೆದ ಹಗ್ಗದಲ್ಲೇ ದೋಣಿ ನಿಂತಿತ್ತು. ಮುಂದಿನ ವರ್ಷ ಅಪ್ಪ ಹೊಸ ಹಗ್ಗದ ಮಾತು ತೆಗೆದಾಗ ಅಜ್ಜಿ "ಇನ್ನೂ ಗಟ್ಟಿಗೈತೆ ಬುಡು" ಎಂದಳು. ಅದರ ಮುಂದಿನ ವರ್ಷವೂ ಹಾಗೆಯೇ ಎಂದಳು. ಮಧ್ಯಾಹ್ನ ದೋಣಿಯೊಳಗಿನ ನೀರು ತೋಡಲು ಹೋದಾಗ ಅವಳು ಆ ಹಗ್ಗದ ಮೇಲೆ ಕೈಯಾಡಿಸುವುದನ್ನು ನಾನು ನೋಡಿದ್ದೇನೆ. ಮಗಳ ಜಡೆಯ ಮೇಲೆ ಆಡಿಸಿದ ಹಾಗೆಯೇ ಇತ್ತು.

ಅಳಿಯನಿಗೆ ಮತ್ತೊಂದು ಮದುವೆ ಮಾಡಬೇಕೆಂದು ಹೊರಟವಳೂ ಅಜ್ಜಿಯೇ. "ಮಗೀಗೆ ತಲೆ ಬಾಚೋರು ಬೇಕು" ಎಂದು ನಾಗಮಂಗಲದ ಕಡೆಯ ಒಂದು ಹಳ್ಳಿಗೆ ತಾನೇ ಬಸ್ಸು ಹತ್ತಿ ಹೋಗಿ, ತಾನೇ ಹೆಣ್ಣು ನೋಡಿ, ತಾನೇ ಎಲೆ ಅಡಿಕೆ ಬದಲಾಯಿಸಿಕೊಂಡು ಬಂದಳು. ಬಂದ ಹೆಣ್ಣು ಜಯಮ್ಮ, ನನ್ನ ಚಿಕ್ಕವ್ವ, ಹೊಸ್ತಿಲು ದಾಟಿದ ದಿನವೇ ಅಜ್ಜಿಯ ಮುಖ ಗಂಟಿಕ್ಕಿಕೊಂಡಿತು. ತಾನೇ ತಂದ ಸೊಸೆಯಂಥವಳನ್ನು ತಾನೇ ನೋಡಲಾರಳು. ಮಗಳು ಕೂರುತ್ತಿದ್ದ ಮಣೆಯಲ್ಲಿ ಇನ್ನೊಬ್ಬಳು ಕೂತರೆ ಹೆತ್ತ ಹೊಟ್ಟೆಗೆ ಏನಾಗುತ್ತದೆಂದು ಈಗ ನನಗೆ ಗೊತ್ತು, ಆಗ ಗೊತ್ತಿರಲಿಲ್ಲ. ಅಜ್ಜಿ ಅವಳ ಹೆಸರು ಹಿಡಿದು ಕರೆಯಲಿಲ್ಲ, ನೇರವಾಗಿ ಮಾತೂ ಆಡಲಿಲ್ಲ. ಗೋಡೆಗೆ ಹೇಳಿದ ಹಾಗೆ, "ನಾಗಮಂಗ್ಲದೋರಿಗೆ ಸಾರಿಗೆ ಉಪ್ಪಾಕೋ ಅಳತೆ ಬೇರೆ ಇರ್ಬೈದು" ಎನ್ನುವಳು. ಅಪ್ಪ ಲಾಟೀನು ತೆಗೆದುಕೊಳ್ಳುವನು.

ನನಗಂತೂ ಚಿಕ್ಕವ್ವ ಮೊದಲ ದಿನದಿಂದಲೇ ಬೇಕಾಗಿದ್ದಳು. ಅವಳು ತಲೆ ಬಾಚುವಾಗ ಸಿಕ್ಕನ್ನು ಎಳೆಯುತ್ತಿರಲಿಲ್ಲ. ಬುಡವನ್ನು ಬೆರಳಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾ ಬರುತ್ತಿದ್ದಳು. ಆ ಕೈ ಎಲ್ಲಿ ಪಳಗಿದ್ದೆಂದು ಆಮೇಲೆ ತಿಳಿಯಿತು. ಅವರ ಊರಲ್ಲಿ ಹೊಲದ ಬೇಲಿಯೆಲ್ಲ ಕತ್ತಾಳೆ. ಹೆಂಗಸರು ಅದರ ಪಟ್ಟೆಗಳನ್ನು ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆಯುತ್ತಾರಂತೆ. ಬಾವಿಹಗ್ಗ, ನೊಗದ ಹಗ್ಗ, ಕರುವಿನ ಕಣ್ಣಿ, ಎಲ್ಲ ಅವಳಿಗೆ ಬರುತ್ತಿತ್ತು. ಬರದಿದ್ದದ್ದು ನೀರು. ಬಾವಿಯ ಆಳದಲ್ಲಿ ಸುಮ್ಮನಿರುವ ನೀರನ್ನು ಕಂಡವಳಿಗೆ ಓಡುವ ಹೊಳೆಯನ್ನು ಕಂಡರೆ ಮೈ ನಡುಗುತ್ತಿತ್ತು. ಹೊಳೆದಂಡೆಯಲ್ಲಿ ಮನೆಯಿದ್ದರೂ ಬಟ್ಟೆ ಒಗೆಯಲು ಕೊಳವೆಬಾವಿಗೆ ಹೋಗುತ್ತಿದ್ದಳು. ಇವಳು ಹೆಚ್ಚು ದಿನ ನಿಲ್ಲುವವಳಲ್ಲ ಎಂದು ಕೇರಿಯ ಹೆಂಗಸರು ನನ್ನೆದುರೇ ಮಾತಾಡುತ್ತಿದ್ದರು. ನನಗೆ ರಾತ್ರಿಯ ಅನ್ನ ಸೇರುತ್ತಿರಲಿಲ್ಲ.

ಅವ್ವ ಹೋದ ಮೇಲಿನ ಮೂರನೆಯ ಮುಂಗಾರಿಗೆ ಅಪ್ಪ ಅಪರೂಪಕ್ಕೆ ಬಾಯಿಬಿಟ್ಟ. ನೈಲಾನು ಹಗ್ಗ ಬಂದಿದೆ, ಕೊಳೆಯುವುದಿಲ್ಲ, ತರುತ್ತೇನೆ ಎಂದ. ಶ್ರೀರಂಗಪಟ್ಟಣದ ಪೇಟೆಯ ಬಾಷಾಸಾಬರ ಅಂಗಡಿಗೆ ಅಪ್ಪನ ಜೊತೆ ನಾನೂ ಚಿಕ್ಕವ್ವನೂ ಹೋದೆವು. ಲಾರಿಯವರು, ಗಾಡಿಯವರು, ಬೋರ್‌ವೆಲ್ಲಿನವರು ಬರುವ ಅಂಗಡಿ ಅದು. ಗೋಡೆಯ ತುಂಬ ಸರಪಣಿ, ರಾಟೆ, ಕೊಂಡಿ. ಹಗ್ಗವನ್ನು ದೋಣಿಯ ಬಳೆಗೆ ಸಿಕ್ಕಿಸಲೆಂದು ಅಪ್ಪ ಕನ್ನಡಿಯ ಹಾಗೆ ಹೊಳೆಯುವ ಕೊಂಡಿಯೊಂದನ್ನು ಕೈಗೆತ್ತಿಕೊಂಡ. ಲಾಟೀನು ಒರೆಸಿದವನ ಕಣ್ಣು ಇನ್ನೆಲ್ಲಿಗೆ ಹೋದೀತು!

"ಅದು ಬ್ಯಾಡ ಗೌಡ್ರೆ," ಎಂದರು ಸಾಬರು. "ಪಳಪಳ ಅನ್ನೋದೆಲ್ಲ ಬರೀ ಮೇಲ್ಗಡೆ ಪಾಲಿಸ್ಸು. ಒಂದು ಮಳೆಗಾಲಕ್ಕೆ ತುಕ್ಕು. ಈ ಬೂದಿ ಬಣ್ಣದ್ದು ತಗಳಿ, ಸತುವು ಕುಡ್ದಿರೋದು."

ಚಿಕ್ಕವ್ವ ಬೂದಿ ಬಣ್ಣದ ಕೊಂಡಿಯೊಳಗೆ ಬೆರಳು ಹಾಕಿ ಒಳಅಂಚನ್ನು ಸವರಿ ನೋಡಿದಳು. ಅಂಚು ಚೂಪಾಗಿದ್ದರೆ ಹಗ್ಗವನ್ನು ಅದೇ ತಿಂದುಹಾಕುತ್ತದೆ. ಕೊಂಡಿಯ ಮೊಳೆ ತಿರುಪಿ ತಾನೇ ಬಿಚ್ಚಿಕೊಳ್ಳದ ಹಾಗೆ ತಂತಿ ಕಟ್ಟಲು ತೂತಿದೆಯೇ ಎಂದು ಕೇಳಿದಳು. ಸಾಬರು ಖುಷಿಯಾಗಿ ಒಳಗಿಂದ ಇನ್ನೊಂದು ಸಾಮಾನು ತಂದರು: ಹಗ್ಗದ ತುದಿಯನ್ನು ಮಡಚಿ ಮಾಡುವ ಕಿವಿಯೊಳಗೆ ಕೂರಿಸುವ ಕಬ್ಬಿಣದ ಓಲೆ, ಮಾವಿನಕಾಯಿಯ ಆಕಾರದ್ದು. ಅದಿದ್ದರೆ ಕೊಂಡಿಯ ಉಜ್ಜಾಟ ಹಗ್ಗಕ್ಕೆ ತಾಗುವುದಿಲ್ಲ. ನಾನು ಅದನ್ನು ನನ್ನ ಕಿವಿಗೆ ಹಿಡಿದು ನೋಡಿಕೊಂಡೆ, ಚಿಕ್ಕವ್ವ ನಕ್ಕಳು. ಹಗ್ಗ ಅಳೆದು ಕೊಡುತ್ತಾ ಸಾಬರು ಕೊನೆಗೆ ಹೇಳಿದರು:

"ಒಂದು ಮಾತು ಬೇಟಿ. ನೈಲಾನ್ಗೆ ನೈಲಾನೇ ಜೋಡಿ. ಜಾರ್ತದೆ ಅದು, ಕತ್ತಾಳೆಗಿಂತ ಎಳ್ಡು ಮೂರು ಸುತ್ತು ಜಾಸ್ತಿ ತೂರ್ಸಿ. ಕತ್ತಾಳೆ ಜತೆ ಮಾತ್ರ ನಿಕಾ ಮಾಡ್ಸಬೇಡಿ. ಇದು ಎಳುದ್ರೆ ಹಿಗ್ತದೆ, ಅದು ಹಿಗ್ಗಲ್ಲ. ಎಳೆತದ ಜಟ್ಕಾ ಎಲ್ಲ ಅದುಕ್ಕೇ ಬೀಳ್ತದೆ."

ಮನೆಗೆ ಬಂದು ಪಡಸಾಲೆಯಲ್ಲಿ ಆ ಹಗ್ಗ ಬಿಚ್ಚಿದರೆ ನಮ್ಮ ಮನೆಯದೇ ಅಲ್ಲ ಎನ್ನಿಸಿತು. ನೀಲಿ ಬಣ್ಣ, ವಾಸನೆಯೇ ಇಲ್ಲ. ಅಜ್ಜಿ ಮುಟ್ಟಿ ನೋಡಿ ಕೈ ಒರೆಸಿಕೊಂಡಳು. ಆಮೇಲೆ ದೋಣಿ ನಿಲ್ಲುವ ಘಾಟಿಗೆ ಹೋಗಿ, ಹಳೆಯ ಹಗ್ಗದಿಂದ ಅವ್ವ ಹೆಣೆದಿದ್ದ ಜಾಗದ ಒಂದು ಮೊಳವನ್ನು ತಾನೇ ಕುಡುಗೋಲಿನಲ್ಲಿ ಕೊಯ್ದು ತಂದು ಹೊಸ ಹಗ್ಗದ ಪಕ್ಕ ಇಟ್ಟಳು. ಚಿಕ್ಕವ್ವ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಅತ್ತೆ, ಇದು ಹಿಗ್ತದೆ, ಅದು ಹಿಗ್ಗಕಿಲ್ಲ. ನಡುಮಧ್ಯಕ್ಕೆ ಹಾಕುದ್ರೆ ಅಲ್ಲೇ ಕಿತ್ಕಂಡೋದಾತು. ಬೇಕಾದ್ರೆ ಮೇಲೆ ಸುತ್ತಿ ಕಟ್ಟುವಾ."

ಅಜ್ಜಿ ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ಅವಳತ್ತ ತಿರುಗಿದಳು.

"ನನ್ ಮಗಳ ಕೈಯಿಂದು ಕಿತ್ಕತದಾ? ಅವಳು ಎಣೆದಿದ್ದು ಮೂರು ಮಳೆಗಾಲದ ಒಳೆ ತಡೆದೈತೆ. ನೀನು ಬಂದು ನಾಕು ದಿನ ಆಗಿಲ್ಲ, ಅವಳ್ದು ಒಂದು ಮೊಳಾನೂ ಮನೇಲಿರಬಾರ್ದಾ?"

ಲಾಟೀನಿನ ಗಾಜು ಕಿರ್ ಎಂದಿತು. ಚಿಕ್ಕವ್ವ ಗೋಡೆಗೊರಗಿ ಕುಳಿತು, ಅವ್ವ ಬಳಸುತ್ತಿದ್ದ ಕೊಂಬನ್ನು ಕೈಗೆ ತೆಗೆದುಕೊಂಡು ತಾಯಿಮೊಳವನ್ನು ನೀಲಿ ಹಗ್ಗದ ನಡುವೆ ತಾನೇ ಹೆಣೆದಳು. ಬೇಡವೆಂದು ಗೊತ್ತಿದ್ದ ಕೆಲಸವನ್ನು ಅಷ್ಟು ಪ್ರೀತಿಯಿಂದ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಸಾಬರು ಹೇಳಿದ್ದಕ್ಕಿಂತಲೂ ಒಂದು ಸುತ್ತು ಜಾಸ್ತಿ ತೂರಿಸಿದಳು. ನೈಲಾನಿನ ತುದಿಗಳನ್ನು ದೀಪಕ್ಕೆ ಹಿಡಿದು ಕರಗಿಸಿ, ಉಗುಳು ಹಚ್ಚಿದ ಬೆರಳಿನಿಂದ ಒತ್ತಿದಳು. ಎರಡೂ ಕಡೆಯ ಹೆಣಿಗೆಗಳನ್ನು ಕಾಲಡಿ ಉರುಳಿಸಿ ನುಣುಪು ಮಾಡುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಅವಳ ಬೆನ್ನಿಗೆ ಒರಗಿ ಕೂತಿದ್ದೆ.

ಕನ್ನಂಬಾಡಿ ಕಟ್ಟೆಯಲ್ಲಿ ಗೇಟು ತೆಗೆದಿದ್ದಾರೆಂದು ರೇಡಿಯೋ ಹೇಳಿದ ಮಾರನೆಯ ದಿನ ಹೊಳೆ ಕೆಂಪಗೆ ಏರಿ ಬಂತು. ಓಡಾಟ ನಿಂತಿತ್ತು. ಅಜ್ಜಿ ಮಾತ್ರ ಎಂದಿನಂತೆ ಮಧ್ಯಾಹ್ನ ದೋಣಿಯ ನೀರು ತೋಡಲು ಹತ್ತಿ ಕುಳಿತಿದ್ದಳು. ನೀರು ತೋಡಿ ಆದ ಮೇಲೆ ಅಲ್ಲೇ ಕೂತು ಸೊಪ್ಪು ಸೋಸುವುದು ಅವಳ ರೂಢಿ. ಅಷ್ಟು ತಂಪು ಮನೆಯಲ್ಲಿ ಎಲ್ಲಿದೆ ಎನ್ನುವಳು. ನಾನು ಘಾಟಿನ ಮೆಟ್ಟಿಲ ಮೇಲಿದ್ದೆ. ಎಲ್ಲಿಂದಲೋ ಬಂದ ಮರದ ಬೊಡ್ಡೆಯೊಂದು ದೋಣಿಗೆ ತಾಗಿತು. ನೀಲಿ ಹಗ್ಗ ಹಿಗ್ಗಿ ಹಿಗ್ಗಿ ನೀರಿನಿಂದ ಮೇಲೆದ್ದಿತು. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ದೋಣಿ ಮೆಲ್ಲಗೆ ತಿರುಗಿ, ಅಜ್ಜಿಯನ್ನೂ ಸೊಪ್ಪಿನ ಮೊರವನ್ನೂ ಹೊತ್ತುಕೊಂಡು ಹೊರಟೇಹೋಯಿತು.

"ಲೇ ಜವರಾ!" ಎಂದು ಅಜ್ಜಿ ದೋಣಿಯಿಂದ ಕೂಗಿದಳು. "ಒಲೆ ಮೇಲೆ ಬೇಳೆ ಐತೆ ಕಣ್ಲಾ, ಸೀದೋಯ್ತದೆ!"

ಇಂದಿಗೂ ಅದನ್ನು ನೆನೆದರೆ ನಗು ಬರುತ್ತದೆ. ಅಪ್ಪ ದಡದ ಮೇಲೆ ಓಡಿದ. ನಾನು ಕೂಗಿಕೊಂಡದ್ದಕ್ಕೆ ಚಿಕ್ಕವ್ವ ಅಡ್ಡೆಯ ಮೇಲಿದ್ದ ಎಳೆಯುವ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಓಡಿ ಬಂದಳು. ಕೆಳಗಿನ ತಿರುವಿನಲ್ಲಿ ಹೊಂಗೆಮರವೊಂದು ನೀರಿನ ಮೇಲೆ ಬಾಗಿತ್ತು. ದೋಣಿ ಅದರ ಕೊಂಬೆಗಳಲ್ಲಿ ಸಿಕ್ಕಿಕೊಂಡು ನಿಂತಿತು. ಅಪ್ಪ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿ ಹೋದ. ಹಗ್ಗ ದಡದಂಚಿನ ಬೇರುಗಳಿಗೆ ತೊಡರಿಕೊಳ್ಳತೊಡಗಿತು. ಬಿಡಿಸದಿದ್ದರೆ ಅಪ್ಪ ನಡುನೀರಿನಲ್ಲೇ ನಿಲ್ಲಬೇಕು. ಯಾರೋ ಇಳಿಯಬೇಕಿತ್ತು. ಇಳಿದವಳು ಚಿಕ್ಕವ್ವ. ಮೊಣಕಾಲು, ತೊಡೆ, ಸೊಂಟ. ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದರಲ್ಲಿ ಹಗ್ಗವನ್ನು ತಲೆಯ ಮೇಲೆತ್ತಿ ಬಿಡುತ್ತಾ ನಿಂತಳು. 

"ಈಚಿಗೆ ಓಗೇ!" ಎಂದು ಅಜ್ಜಿ ದೋಣಿಯಿಂದ ಅರಚಿದಳು. "ನಿಂಗೆ ಈಜು ಬರಕಿಲ್ಲ ಕಣೇ, ಓಗೇ ಈಚಿಗೆ!"

ಚಿಕ್ಕವ್ವ ಕದಲಲಿಲ್ಲ. ಅಪ್ಪ ಮೂತಿಯ ಬಳೆಗೆ ಹಗ್ಗ ಹಾಕಿದ. ಅಷ್ಟರಲ್ಲಿ ಕೇರಿಯವರು ಬಂದಿದ್ದರು. ದೋಣಿಯನ್ನು ಅಡ್ಡಡ್ಡ ಎಳೆದರೆ ನೀರು ನುಗ್ಗುತ್ತದೆಂದು, ಮೂತಿಯನ್ನು ಹರಿವಿಗೆ ಎದುರು ಮಾಡಿಕೊಂಡು ಎಲ್ಲರೂ ದಡದ ಗುಂಟ ಎಳೆದು ತಂದರು. ಅಜ್ಜಿ ಮೊರದ ಸಮೇತ ಇಳಿದಳು. ಬೇಳೆ ಸೀದುಹೋಗಿತ್ತು.

ಎಳೆದವರೆಲ್ಲ ಸುಮ್ಮನೆ ಹೋಗಲಿಲ್ಲ. "ಎಳ್ಡನೇ ಎಂಡ್ತಿ ಎಣಿಗೆ, ನಿಂತಾತಾ?" ಎಂದರು ಒಬ್ಬರು. "ಒಣನೆಲದೋರ ಕೈಗೆ ದೋಣಿ ಅಗ್ಗ ಕೊಟ್ರೆ ಇನ್ನೇನಾತು" ಎಂದರು ಇನ್ನೊಬ್ಬರು. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಚಿಕ್ಕವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮನೆಗೆ ಬಂದು ಸೀರೆ ಬದಲಿಸಿ, ಉಳಿದ ಸೀರೆಗಳನ್ನು ಮಡಿಸಿ, ನಾಗಮಂಗಲದಿಂದ ತಂದಿದ್ದ ಚೀಲಕ್ಕೆ ತುಂಬಿದಳು. ಅವಳ ಅಣ್ಣನಿಗೆ ಹೇಳಿಕಳಿಸಲು ಹಾಲಿನ ಗಾಡಿಯವನ ಹತ್ತಿರ ಮಾತಾಡಿದ್ದನ್ನೂ ನಾನು ಕಂಡೆ.  ಚೀಲದ ಮೇಲೆಯೇ ತಲೆಯಿಟ್ಟು ಮಲಗಿದೆ. ಅವಳು ಚೀಲವನ್ನು ಎಳೆದುಕೊಳ್ಳಲಿಲ್ಲ, ನನ್ನ ತಲೆಯನ್ನೂ ಎತ್ತಲಿಲ್ಲ.

ಬೆಳಿಗ್ಗೆ ಅಜ್ಜಿ ಕಲ್ಲುಕಂಬದಲ್ಲಿ ಉಳಿದಿದ್ದ ತುಂಡನ್ನೂ ದೋಣಿಯಲ್ಲಿ ಉಳಿದಿದ್ದ ತುಂಡನ್ನೂ ಬಿಚ್ಚಿ ತಂದು ಜಗುಲಿಯ ಮೇಲೆ ಕುಳಿತಳು. ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುತ್ತಾ ಹೋದಳು. ಚಿಕ್ಕವ್ವನ ಹೆಣಿಗೆಗಳು ಎರಡೂ ಹಾಕಿದಂತೆಯೇ ಇದ್ದವು. ಒಂದು ಪುರಿಯೂ ಜಾರಿರಲಿಲ್ಲ. ಹರಿದದ್ದು ಅವುಗಳ ನಡುವಿನ ತಾಯಿಮೊಳ. ಅಜ್ಜಿ ಅದರ ಪುರಿಗಳನ್ನು ಬಿಡಿಸಿದಳು. ಮೂರು ಮಳೆಗಾಲ ಕಂಡ ನಾರು ಒಳಗೆ ಕಪ್ಪು ಹಿಟ್ಟಾಗಿ, ಅವಳ ಸೀರೆಯ ಮೇಲೆ ಉದುರಿತು.  ಆಮೇಲೆ ಎದ್ದು, ಸೀರೆ ಕೊಡವದೆಯೇ, ಜನ ಸೇರಿದ್ದ ಘಾಟಿಗೆ ನಡೆದಳು. ಹಾಲಿನವರು, ಬಟ್ಟೆ ಒಗೆಯುವವರು ಎಲ್ಲ ಇದ್ದರು.

"ನೋಡ್ಕಳಿ," ಎಂದು ಎರಡೂ ತುಂಡು ಎತ್ತಿ ಹಿಡಿದಳು. "ಕಿತ್ತೋಗಿರದು ನನ್ ಮಗಳ ಮೊಳ. ಹಾಕಬ್ಯಾಡ ಅಂದ್ಲು ಅವಳು, ಹಾಕ್ಸಿದ್ದು ನಾನು. ಅವಳ ಎಣಿಗೆ ಅಂಗೇ ಐತೆ. ಇನ್ನೊಂದ್ ಕಿತ ಯಾರಾದ್ರೂ ಜಯಮ್ಮನ ಕೈ ಬಗ್ಗೆ ಮಾತಾಡುದ್ರೆ ನನ್ ದೋಣಿ ಹತ್ತಬ್ಯಾಡಿ, ಈಜ್ಕಂಡೋಗಿ."

ಸತ್ತ ಮಗಳದೇ ಹರಿದದ್ದು ಎಂದು ನಾಲ್ಕು ಜನರೆದುರು ಹೇಳುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕು! ಹೇಳಿದವಳು ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಮುಸುಕು ಹಾಕಿ ಮಲಗಿಬಿಟ್ಟಳು. ಚಿಕ್ಕವ್ವ ಕಾಫಿ ತೆಗೆದುಕೊಂಡು ಹೋದಳು, ಲೋಟ ಖಾಲಿಯಾಗಿ ಬಂತು. ಆದರೂ ಚೀಲ ಮೂಲೆಯಲ್ಲಿ ತುಂಬಿಕೊಂಡೇ ಇತ್ತು. ಇರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಬಾಯಿರಲಿಲ್ಲ, ನನಗೆ ಧೈರ್ಯವಿರಲಿಲ್ಲ.

ಚಿಕ್ಕವ್ವನ ಅಣ್ಣ ಬೋರಣ್ಣ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಬಂದವನು ಊಟದ ಹೊತ್ತಿಗೆ ನಮ್ಮ ಬಾಗಿಲಲ್ಲಿದ್ದ. ಧೂಳು ತುಂಬಿದ ಕಾಲು, ಸಿಟ್ಟಿನ ಮುಖ. ತಂಗಿ ಹೇಳಿಕಳಿಸಿದ್ದಾಳೆ, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದ. ಅಡುಗೆಮನೆಯಲ್ಲಿ ಚಿಕ್ಕವ್ವ ಮುದ್ದೆ ತಿರುವುತ್ತಿದ್ದಳು. ಕೋಲಿನ ಸದ್ದು ನಿಂತಿತು. ಅಜ್ಜಿ ಕೋಣೆಯಿಂದ ಎದ್ದು ಬಂದು, ಅವನಿಗೆ ತಾನೇ ಕಾಲಿಗೆ ನೀರು ಕೊಟ್ಟು, ಅವನ ಎದುರು ಬಾಗಿಲಿಗೆ ಅಡ್ಡವಾಗಿ ಕುಳಿತಳು.

"ಉಂಡ್ಕಂಡೋಗಪ್ಪ," ಎಂದಳು. "ಅವಳು ಬರಕಿಲ್ಲ."

"ಅದ್ನ ಅವಳೇ ಏಳ್ಲಿ," ಎಂದ ಬೋರಣ್ಣ. "ಕೇಳ್ತೀನಿ ತಡೀರಿ."

ಅಜ್ಜಿ ಅವನ ಕೈ ಹಿಡಿದುಕೊಂಡಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೇಳ್ಬ್ಯಾಡ ಕಣಪ್ಪ. ನಾನು ಮಾಡಿರೋದಕ್ಕೆ, ನೀನು ಕೇಳುದ್ರೆ ಬತ್ತೀನಿ ಅಂದ್ಬುಟ್ಟಾಳು. ನಂಗೆ ಭಯ ಆಯ್ತದೆ."

 ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಲ್ಲಿ ಕೋಲಿನ ಸದ್ದು ಮತ್ತೆ ಶುರುವಾಯಿತು, ಜೋರಾಗಿ. ಚಿಕ್ಕವ್ವ ತನ್ನದೂ ಸೇರಿ ಐದು ತಟ್ಟೆ ಹಾಕಿದಳು. ನಡುವೆ ಕೈ ನಿಲ್ಲಿಸಿದ್ದರಿಂದ ಆ ದಿನ ಮುದ್ದೆಯ ತುಂಬ ಹಸಿಹಿಟ್ಟಿನ ಉಂಡೆಗಳು. ಸಾರಿನ ಉಪ್ಪಿನಲ್ಲೂ ತಪ್ಪು ಹುಡುಕುತ್ತಿದ್ದ ಅಜ್ಜಿ ಒಂದೊಂದು ತುತ್ತನ್ನೂ ತಲೆಯೆತ್ತದೆ ನುಂಗಿ, ತಟ್ಟೆಯನ್ನು ಚಿಕ್ಕವ್ವನತ್ತ ಚಾಚಿ, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.